ಅಮೋಘಿಯ ಹೆಸರಿನ ಒಪ್ಪತ್ತು

ಬರೆದಿದ್ದನ್ನು ಮಾಳು ಮತ್ತೆ ಅಳಿಸಿದ. ಕುರಿದೊಡ್ಡಿಯ ಗೋಡೆಯ ಮೇಲೆ ಕೂತು ಬೆಳಗಿನಿಂದ ಅವನು ಹೆಣಗುತ್ತಿದ್ದುದು ಒಂದೇ ಸಾಲಿಗೆ: ನನ್ನ ಮಗ ಅಮೋಘಿ ತೀರಿಕೊಂಡ. ಹೆಸರಿನವರೆಗೆ ಬೆರಳು ಸರಿಯಾಗಿಯೇ ಓಡುತ್ತಿತ್ತು. ಮುಂದಿನ ಮಾತಿಗೆ ಬಂದರೆ ಕಲ್ಲಿಗೆ ಸಿಕ್ಕ ಕುಂಟೆಯ ಹಾಗೆ ನಿಂತುಬಿಡುತ್ತಿತ್ತು. ಅಷ್ಟರಲ್ಲಿ ಫೋನು ಕೈಯಲ್ಲೇ ಗುರ್ ಎಂದಿತು. ಚಡಚಣದ ಕಡೆಯವನೊಬ್ಬ, ಮಾಳು ಮುಖ ಕಂಡವನಲ್ಲ, ಬರೆದಿದ್ದ: "ಅಮೋಘಿ ಬೇಗ ಗುಣವಾಗಲಿ. ಅವನ ಹೆಸರಿನಲ್ಲಿ ಕಾಯಿ ಒಡೆಸಿದ್ದೇವೆ." ಹುಡುಗನನ್ನು ಮಣ್ಣು ಮಾಡಿ ಬಂದು ಆಗಲೇ ನಾಲ್ಕು ದಿನವಾಗಿತ್ತು.

ಅದು ಕುರಿ, ಆಡು ಸಾಕುವವರ ಫೇಸ್‌ಬುಕ್ ಗುಂಪು. ಯಾರು ಬೇಕಾದರೂ ಬಂದು ಕೇಳಬಹುದಾದ ಬಯಲು ಜಾಗ. ನಡೆಸುವವನು ತಿಕೋಟಾದ ಧರ್ಮರಾಜ, ಪಶು ವೈದ್ಯ ಇಲಾಖೆಯ ನೌಕರ. ಗುಂಪಿನ ನೆತ್ತಿಯ ಮೇಲೆಯೇ ಅವನು ನಿಯಮ ಹಾಕಿದ್ದ: ಇಲ್ಲಿ ಜಾನುವಾರುಗಳ ಮಾತು ಮಾತ್ರ, ದೇವರು, ರಾಜಕೀಯ, ಹುಟ್ಟುಹಬ್ಬ ಬೇಡ. ಕಳ್ಳಕವಟಗಿಯ ಮಾಳು ಎಂದರೆ ಆ ಗುಂಪಿನಲ್ಲಿ ಒಂದು ತೂಕವಿತ್ತು. ಕಾಲುಬೇನೆಗೆ, ಹೊಟ್ಟೆಯುಬ್ಬರಕ್ಕೆ ಅವನು ಹೇಳುತ್ತಿದ್ದ ಉಪಾಯಗಳನ್ನು ಊರೂರಿನ ಜನ ನಂಬುತ್ತಿದ್ದರು. ನಿಯಮವನ್ನು ಅವನು ಒಂದು ದಿನವೂ ಮೀರಿದವನಲ್ಲ.

ಮೀರಿದ್ದು ವಿಜಯಪುರದಲ್ಲಿ. ಸೊಲ್ಲಾಪುರ ರಸ್ತೆಯ ಆಸ್ಪತ್ರೆಯೊಂದರಲ್ಲಿ ಡಾಕ್ಟರು ಜ್ವರ ಮೆದುಳಿಗೆ ಏರಿದೆ ಎಂದು ಹೇಳಿ ಒಳಗೆ ಹೋದರು. ಬೆಂಚಿನ ಮೇಲೆ ಕೂತ ಮಾಳುವಿಗೆ ಯಾರ ಮುಂದೆ ಹೇಳಿಕೊಳ್ಳಬೇಕೋ ತಿಳಿಯಲಿಲ್ಲ. ಅವನಿಗೆ ಗೊತ್ತಿದ್ದ ಅತಿ ದೊಡ್ಡ ಸಂತೆ ಎಂದರೆ ಆ ಗುಂಪು. ಬರೆದುಬಿಟ್ಟ: "ನನ್ನ ಮಗ ಅಮೋಘಿ, ಎಂಟು ವರ್ಷ. ಕಣ್ಣು ತೆರೆಯುತ್ತಿಲ್ಲ. ಎಲ್ಲರೂ ನಿಮ್ಮ ನಿಮ್ಮ ದೇವರ ಹತ್ತಿರ ಬೇಡಿಕೊಳ್ಳಿರಿ." ಮೊದಲು ಬಂದ ಉತ್ತರ ಹೀಗಿತ್ತು: "ಫೋಟೊ ಹಾಕಿ. ಜಂತಿನ ಔಷಧ ಯಾವಾಗ ಕುಡಿಸಿದ್ದೀರಿ?" ಪಾಪ, ಓದದೆ ಉತ್ತರ ಕೊಡುವ ಚಟದವನು. ಆ ಗಳಿಗೆಯಲ್ಲೂ ಮಾಳುವಿಗೆ ನಗು ಬಂದಿತ್ತು. ಬಂದದ್ದಕ್ಕೆ ನಾಚಿಕೆಯೂ ಆಗಿತ್ತು.

ಆಮೇಲೆ ಜಗಳ ಶುರುವಾಯಿತು. ಕನಮಡಿಯ ಭಾಗಪ್ಪ, "ಇದು ಕುರಿಗಳ ಗುಂಪು, ಗುಡಿಯಲ್ಲ" ಎಂದ. ಬೇಡಿಕೊಳ್ಳುವವರು ಮನೆಯಲ್ಲಿ ಬೇಡಿಕೊಳ್ಳಲಿ, ಫೋನಿನಲ್ಲಿ ಹಾಕಿದರೆ ದೇವರಿಗೆ ಬೇಗ ಮುಟ್ಟುತ್ತದೆಯೇ ಎಂದು ಇನ್ನೊಬ್ಬ ಕೇಳಿದ. ಕರುಳಿಲ್ಲದವರು ಎಂದು ಉಳಿದವರು ಇಬ್ಬರಿಗೂ ಮಂಗಳಾರತಿ ಎತ್ತಿದರು. ಅದೇ ಹೊತ್ತಿನಲ್ಲಿ ಭಾಗಪ್ಪನ ಕುರಿಗಳು ಹೊಟ್ಟೆಯುಬ್ಬಿ ಬೀಳುತ್ತಿದ್ದವು. ಅವನು ಹಾಕಿದ ಪ್ರಶ್ನೆ ಈ ಜಗಳದ ಅಡಿಗೆ ಸಿಕ್ಕಿ ಯಾರ ಕಣ್ಣಿಗೂ ಬೀಳಲಿಲ್ಲ, ಕುರಿಗಳು ಸತ್ತವು. ಅದು ಗೊತ್ತಾದಾಗ ಭಾಗಪ್ಪನದು ತಪ್ಪೆಂದು ಮಾಳುವಿಗೆ ಅನಿಸಲಿಲ್ಲ.

ಗೋಡೆಯ ಮೇಲೆ ಕೂತ ಮಾಳುವಿನ ಫೋನು ಮತ್ತೆ ಗುರ್ ಎಂದಿತು, ಈ ಸಲ ಕರೆ ಮಾಡಿದವನು ಧರ್ಮರಾಜ. ಮಣ್ಣಿಗೆ ಬಂದು ಹೋಗಿದ್ದವನು ಅವನು. ಸುದ್ದಿ ಗೊತ್ತಿದ್ದವನು ಗುಂಪಿನಲ್ಲಿ ಅವನೊಬ್ಬನೇ.

"ಆ ಪೋಸ್ಟ್ ತಗದಬಿಡ್ರಿ ಸರ್" ಎಂದ ಮಾಳು. "ನನ್ನ ಕೈಲೆ ಬರಿಯಾಕ ಆಗವಲ್ತು."

"ನಾನೂ ಅದಕ್ಕ ಫೋನ್ ಮಾಡಿದೆ. ನಾ ದೇವ್ರು ಗೀವ್ರು ನಂಬಾಂವಲ್ಲ, ನಿನಗ ಗೊತ್ತೈತಿ. ಇಂಥಾವು ಅಲ್ಲಿ ಬರಬಾರದು ಅಂತ ಈಗೂ ಅಂತೇನಿ. ಆದ್ರ ತಗಿಯೂಕಿಂತ ಮೊದಲ ಎಲ್ಲಾ ಓದಿದೆ. ಬಬಲೇಶ್ವರದ ರೋಶನಬಿ ಅನ್ನಾಕಿ ಏನ ಬರದಾಳ, ನೋಡೀಯೇನು?"

"ಓದೂ ಧೈರ್ಯ ಇಲ್ರಿ ನನಗ."

"ಒಂದ್ಸಲ ಓದು. ಓದಿ, ತಗೀರಿ ಅಂದ್ರ ತಗೀತೇನಿ."

ಮಾಳು ಹುಡುಕಿ ಓದಿದ. ತಮ್ಮ ಆಡು ಮರಿ ಹಾಕಲಾಗದೆ ಒದ್ದಾಡುವಾಗ ಫೋನಿನಲ್ಲೇ ದಾರಿ ಹೇಳಿ ಉಳಿಸಿಕೊಟ್ಟವರು ನೀವಲ್ಲವೇ ಅಣ್ಣಾ ಎಂದು ರೋಶನಬಿ ಶುರು ಮಾಡಿದ್ದಳು. ಅಮೋಘಿಯ ವಿಷಯ ಓದಿ ಹೇಳಿದಾಗಿನಿಂದ ಅವಳ ಅತ್ತೆ ಪೀರಾಂಬಿ ಒಪ್ಪತ್ತು ಹಿಡಿದಿದ್ದಳು. ಮಧ್ಯಾಹ್ನ ಒಂದು ಹೊತ್ತು ಉಣ್ಣುವುದು, ಹುಡುಗ ಮನೆಗೆ ಬರುವ ತನಕ ರಾತ್ರಿ ತುತ್ತು ಮುಟ್ಟುವುದಿಲ್ಲ. "ಅತ್ತೆಗೆ ಸಕ್ಕರೆ ಕಾಯಿಲೆ ಇದೆ. ಗುಳಿಗೆ ನುಂಗಿ ಹಸಿದಿರುತ್ತಾಳೆ. ನಿನ್ನೆ ತಲೆ ತಿರುಗಿ ಬಿದ್ದಳು. ಯಾರ ಮಾತೂ ಕೇಳುತ್ತಿಲ್ಲ. ಹುಡುಗ ಆರಾಮಾಗಿದ್ದಾನೆ ಎಂದು ಒಂದೇ ಮಾತು ಹಾಕಿರಿ ಅಣ್ಣಾ."

 ಪೋಸ್ಟ್ ಅಳಿಸಿಬಿಟ್ಟರೆ ಗುರುತಿಲ್ಲದ ಆ ಮುದುಕಿ ಇಲ್ಲದ ಹುಡುಗನಿಗಾಗಿ ಹಸಿದುಕೊಂಡೇ ಇರುತ್ತಾಳೆ. ನಿಜ ಬರೆಯಲು ಕೈ ಬರುತ್ತಿಲ್ಲ. ಉಳಿದದ್ದು ಒಂದೇ ದಾರಿ. ಆ ಸುಳ್ಳು ಎಷ್ಟು ಸಲೀಸಾಗಿ ಬೆರಳಿಗೆ ಬಂತೆಂದರೆ ಅವನಿಗೇ ಭಯವಾಯಿತು.

ಒಳಗೆ ಹೆಂಡತಿ ಲಕ್ಷ್ಮಿ ಗೋಡೆಗೆ ಒರಗಿ ಕೂತಿದ್ದಳು. ಆಸ್ಪತ್ರೆಯಿಂದ ಬಂದಾಗಿನಿಂದ ಅವಳ ಬಾಯಲ್ಲಿ ಮಾತಿಲ್ಲ, ಕಣ್ಣಲ್ಲಿ ನೀರಿಲ್ಲ. ಅತ್ತು ಹಗುರಾಗಲಿ ಎಂದು ಅವಳನ್ನು ಅಳಿಸಲು ಬಂದ ಹೆಂಗಸರು ತಾವೇ ಅತ್ತು ಎದ್ದುಹೋಗಿದ್ದರು. ಮಾಳು ತನ್ನ ತಾಯಿ ಸಕ್ರವ್ವನಿಗೆ ಎಲ್ಲವನ್ನೂ ಹೇಳಿದ.

"ಆರಾಮ ಆಗ್ಯಾನ ಅಂತ ಬರದಬಿಡ್ತೇನಿ ಯವ್ವಾ. ಪಾಪ, ಆ ಮುದುಕಿ ಉಂಡಕೊಂಡ ಇರಲಿ."

"ಬರಿಯಪ್ಪಾ" ಎಂದಳು ಸಕ್ರವ್ವ. "ಅದರಾಗೇನ ಪಾಪ ಬರ್ತೈತಿ."

"ಬರೀಬ್ಯಾಡ್ರಿ."

ಇಬ್ಬರೂ ತಿರುಗಿ ನೋಡಿದರು. ಲಕ್ಷ್ಮಿಯ ದನಿ ಬಹಳ ದಿನ ತೆಗೆಯದ ಬಾಗಿಲಿನಂತೆ ಕಿರುಗುಟ್ಟಿತು.

"ನಾಳೆ ಆಕಿ, ಹುಡುಗನ್ನ ನೋಡಬೇಕು ಅಂತ ಬಂದ್ರ ಯಾರನ್ನ ತೋರಸ್ತೀರಿ?" ಸೆರಗು ಸರಿಮಾಡಿಕೊಂಡು ಅವಳು ಎದ್ದಳು. "ನಡೀರಿ, ಹೋಗಿ ಹೇಳಿ ಬರೂಣು. ನನ್ನ ಮಗನ ಹೆಸರಿಲೆ ಯಾರೂ ಹಸದಿರಬಾರದು."

"ಸೂತಕದಾಗ ಮಂದಿ ಮನಿ ಹೊಚ್ಚಲಾ ತುಳೀತಾರೇನ ಬೇ?" ಎಂದು ಸಕ್ರವ್ವ ಅಡ್ಡ ಬಂದಳು. ಸೊಸೆ ಆಗಲೇ ಚಪ್ಪಲಿ ಮೆಟ್ಟಿದ್ದಳು.

ಬೈಕಿನ ಮೇಲೆ ಯಾವಾಗಲೂ ಮೂವರು ಕೂರುತ್ತಿದ್ದರು; ಅಮೋಘಿ ನಡುವೆ. ಲಕ್ಷ್ಮಿ ಹಿಂದಿನ ತುದಿಗೇ ಕೂತಳು, ಮುಂದೆ ಸರಿಯಲಿಲ್ಲ. ಮಾಳು ಸರಿದು ಕೂರು ಎನ್ನಲಿಲ್ಲ. ತಿಕೋಟಾ ದಾಟಿ, ದ್ರಾಕ್ಷಿ ತೋಟಗಳನ್ನೂ ಒಣದ್ರಾಕ್ಷಿಯ ಶೆಡ್ಡುಗಳನ್ನೂ ದಾಟಿ ಬಬಲೇಶ್ವರ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಗಾಳಿ ಬೆನ್ನಿಗೆ ಬಡಿದಾಗಲೆಲ್ಲ ನಡುವಿನ ಆ ಖಾಲಿ ಜಾಗ ಅವನಿಗೆ ಗೊತ್ತಾಗುತ್ತಿತ್ತು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಆಡು ಕಟ್ಟುತ್ತಿದ್ದ ರೋಶನಬಿಗೆ ಮಾಳು ತನ್ನ ಹೆಸರು ಹೇಳಿದ. ಅವಳ ಮುಖ ಅರಳಿತು. ಮಾಳು ಬಾಯಿ ತೆರೆಯುವ ಮೊದಲೇ ಒಳಗೆ ಕೂಗಿದಳು: "ಅತ್ತೀ, ಅಮೋಘಿ ಅವ್ವ ಅಪ್ಪ ಬಂದಾರ ನೋಡ್ರಿ! ತಾವ ಹೇಳಾಕ ಬಂದಾರ!"

ಒಳಗಿನಿಂದ ಮಂಚ ಕಿರ್ರೆಂದಿತು. "ಹುಡುಗನ್ನ ತಂದಾರೇನು? ಹೊರಗ ಯಾಕ ನಿಂದ್ರಿಸೀದಿ, ಒಳಗ ಕರಿಯೇ!"

ಮಾಳುವಿನ ಕಣ್ಣು ಬೈಕಿನ ಕಡೆ ಹೋಯಿತು. ಇಷ್ಟು ದೂರ ಬಂದು ಈಗ ತಿರುಗಿ ಓಡಿಬಿಡಬೇಕೆನಿಸಿತು. ಲಕ್ಷ್ಮಿ ಹೊಸ್ತಿಲಿನಿಂದ ಒಂದು ಮಾರು ಈಚೆಗೇ ನಿಂತು ಹೇಳಿದಳು:

"ಒಳಗ ಬರಂಗಿಲ್ರಿ ಯವ್ವಾ. ನಮಗ ಸೂತಕ ಐತಿ."

ರೋಶನಬಿಯ ಕೈಯಿಂದ ಹಗ್ಗ ಜಾರಿತು.  ಆಮೇಲೆ ಗೋಡೆ ಹಿಡಿದುಕೊಂಡು ಪೀರಾಂಬಿ ತಾನೇ ಹೊರಗೆ ಬಂದಳು. ಸಣ್ಣ ಜೀವ, ಹಣೆಯ ಮೇಲೆ ಬಿದ್ದ ಗಾಯದ ಕಪ್ಪು. ಮೆಲ್ಲಗೆ ಹೊಸ್ತಿಲ ಮೇಲೆ ಕೂತು, ಎದುರಿನ ನೆಲ ತೋರಿಸಿದಳು. ಲಕ್ಷ್ಮಿ ಅಲ್ಲಿ ಕೂತಳು.

"ನನ್ನ ದುವಾ ಮುಟ್ಟಲಿಲ್ಲ ಬೇಟಿ" ಎಂದಳು ಮುದುಕಿ. "ಎಲ್ಲೋ ನನ್ನದ ಏನೋ ತಪ್ಪಾತು."

"ತಪ್ಪು ನಂದ್ರಿ ಯವ್ವಾ" ಎಂದ ಮಾಳು. "ಹಂಗ ಊರಮಂದಿ ಮುಂದ ನಾ ಕೇಳಬಾರದಿತ್ತು. ಗುರ್ತಿಲ್ಲದವರಿಗೆಲ್ಲ ತ್ರಾಸ ಆತು."

"ಕೇಳಬಾರದ್ದೇನೈತೊ ಯಪ್ಪಾ? ಮಗಾ ಅಂದ ಮ್ಯಾಲ ಕೇಳಬೇಕು. ನನ್ನ ಕಿವಿಗಿ ಬಿತ್ತು, ನಾ ಕೇಳಿಸಿಕೊಂಡೆ."

ರೋಶನಬಿ ಕಣ್ಣೊರೆಸಿಕೊಳ್ಳುತ್ತ ತಾಟಿನಲ್ಲಿ ರೊಟ್ಟಿ ಮುರಿದು ಹಾಲು ಹಾಕಿ ತಂದಳು. "ಈಗರೆ ಉಣ್ರಿ ಅತ್ತೀ. ಅವರ ಬಂದ ಹೇಳಿದ್ರಲ್ಲ." ಪೀರಾಂಬಿ ತಾಟನ್ನು ಹಿಂದಕ್ಕೆ ದೂಡಿದಳು. "ಯಾವ ಬಾಯಿಲೆ ಉಣ್ಣಲೇ? ಹುಡುಗ ಬರೂತನಕ ಅಂದಿದ್ದೆ. ಈಗ ನನ್ನ ಒಪ್ಪತ್ತು ಬಿಡಸಾವ್ರು ಯಾರು?"

ಲಕ್ಷ್ಮಿ ತಾಟನ್ನೇ ನೋಡುತ್ತಿದ್ದಳು. 

"ನಡುವ ಒಮ್ಮಿ ಕಣ್ಣ ತೆರದಿದ್ದರಿ ಯವ್ವಾ. ಹಸಿವಾಗೇತಿ ಅಂದ. ರೊಟ್ಟಿ ಹಾಲು ಬೇಡಿದ. ಬಾಯಿಲೆ ಏನೂ ಕೊಡಬ್ಯಾಡ್ರಿ ಅಂದಿದ್ರು ಡಾಕ್ಟರು. ನಾಳೆ ಉಣ್ಣೂವಂತಿ ಅಂದೆ ನಾ. ಕೊಡಲಿಲ್ರಿ. ಒಂದ ತುತ್ತು ಕೊಡಲಿಲ್ರಿ ಯವ್ವಾ ನಾ."

ಇದು ಮಾಳುವಿಗೂ ಗೊತ್ತಿರಲಿಲ್ಲ. ಆಗ ಅವನು ಕೆಳಗೆ ಔಷಧಿ ಅಂಗಡಿಯ ಮುಂದೆ ನಿಂತಿದ್ದ. ಅಷ್ಟು ದಿನ ಕಟ್ಟಿಕೊಂಡಿದ್ದ ಅಳು ಲಕ್ಷ್ಮಿಯ ಹೊಟ್ಟೆಯಿಂದ ಎದ್ದು ಬಂತು. ಅವಳು ಮುಖ ಮುಚ್ಚಿಕೊಳ್ಳದೆ, ಕೇರಿಯವರು ಹೊರಗೆ ಬಂದು ನೋಡುವಷ್ಟು ದೊಡ್ಡದಾಗಿ ಅತ್ತಳು. ಮಾಳು ಬೈಕಿಗೆ ಒರಗಿಕೊಂಡು ತಾನೂ ಅತ್ತ. ಪೀರಾಂಬಿ ಲಕ್ಷ್ಮಿಯ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

ಅಳು ಇಳಿದ ಮೇಲೆ ಲಕ್ಷ್ಮಿ ತಾಟನ್ನು ತನ್ನ ಕಡೆಗೆ ಎಳೆದುಕೊಂಡಳು. ರೊಟ್ಟಿಯನ್ನು ಹಾಲಿನಲ್ಲಿ ಮೆತ್ತಗೆ ಕಿವುಚಿ ಸಣ್ಣದೊಂದು ತುತ್ತು ಮಾಡಿದಳು. ಎತ್ತಿದ ಕೈ ಅರ್ಧದಲ್ಲೇ ನಿಂತಿತು.

"ಸೂತಕದ ಕೈ ಐತ್ರಿ ನಂದು" ಎಂದಳು.

 ಪೀರಾಂಬಿ ಹೊಸ್ತಿಲ ಮೇಲೆ ಕೂತಲ್ಲಿಂದಲೇ ಮುಂದಕ್ಕೆ ಬಾಗಿ ಬಾಯಿ ತೆರೆದಳು.