ಮೊದಲ ಕಾಲಂನಲ್ಲಿ ಆಮ್ಲ

ಪ್ರಾಯೋಗಿಕ ಪರೀಕ್ಷೆ ಶುರುವಾಗುವ ಮೊದಲೇ ಪರೀಕ್ಷಕ ಕಾಂತಪ್ಪನವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಮಕ್ಕಳ ಟೀಚರು ಒಳಗೆ ನಿಲ್ಲಬಹುದು, ಆದರೆ ಒಂದು ಮಾತಾಡಿದರೂ, ಸನ್ನೆ ಮಾಡಿದರೂ ಏಳೂ ಹುಡುಗಿಯರ ಅಂಕ ರದ್ದು. ವಿನೋದಿನಿ ತಲೆಯಾಡಿಸಿ ಕಿಟಕಿಯ ಬಳಿ ಕೈಕಟ್ಟಿ ನಿಂತರು.

ಅದು ೧೯೭೭ರ ಮಾರ್ಚ್. ಮುಂಬಯಿಯ ಸಾಂತಾಕ್ರೂಜ್‌ನ ಅವರ ಕನ್ನಡ ಶಾಲೆಗೆ ಪ್ರಯೋಗಶಾಲೆ ಇರಲಿಲ್ಲ; ಪರೀಕ್ಷೆಗೆಂದು ಪಾರ್ಲೆಯ ಇನ್ನೊಂದು ಶಾಲೆಗೆ ಬಂದಿದ್ದರು. ವರ್ಷವಿಡೀ ಹುಡುಗಿಯರು ಪ್ರಯೋಗ ಮಾಡಿದ್ದು ಕಾಗದದ ಮೇಲೆ. ಫೋರ್ಟ್ ಕಡೆಯ ಒಂದು ಸಂಸ್ಥೆ ಭಾನುವಾರ ಬೆಳಿಗ್ಗೆ ತನ್ನ ಕಂಪ್ಯೂಟರನ್ನು ವಿನೋದಿನಿಗೆ ಒಂದು ತಾಸು ಬಿಟ್ಟುಕೊಡುತ್ತಿತ್ತು. ಹುಡುಗಿಯರು ಹಾಳೆಯಲ್ಲಿ ಬರೆದ ಅಳತೆಗಳನ್ನು ಅವರು ಅಲ್ಲಿ ಕಾರ್ಡುಗಳ ಮೇಲೆ ತೂತು ಹೊಡೆದು ಯಂತ್ರಕ್ಕೆ ಉಣಿಸುತ್ತಿದ್ದರು. ಸೋಮವಾರ ಉತ್ತರ ಕೈಗೆ ಬರುತ್ತಿತ್ತು: ದ್ರಾವಣದ ಸಾಂದ್ರತೆ ಇಷ್ಟು, ಕೊನೆಯ ಉಷ್ಣತೆ ಇಷ್ಟು. ರಾಜೀವಿ ಎಂಬ ಹುಡುಗಿ ಅದಕ್ಕೆ ‘ಟೀಚರ ಜಾತಕ’ ಎಂದು ಹೆಸರಿಟ್ಟಿದ್ದಳು.

ಇಂದಿನ ಪ್ರಶ್ನೆ ಎಲ್ಲರಿಗೂ ಒಂದೇ: ಗಾಢ ಗಂಧಕಾಮ್ಲವನ್ನು ತೆಳುಗೊಳಿಸಬೇಕು. ವಿನೋದಿನಿಗೆ ಸಮಾಧಾನವಾಯಿತು. ಆ ಲೆಕ್ಕ ಹುಡುಗಿಯರಿಗೆ ನೀರು ಕುಡಿದಷ್ಟು ಸಲೀಸು.

ಮೊದಲ ಮೇಜಿನಲ್ಲಿ ಹಾಲವ್ವ ಇದ್ದಳು. ಅವಳ ತಂದೆ ವಿಮಾನ ನಿಲ್ದಾಣದ ಕಟ್ಟಡದ ಕೆಲಸಗಾರ. ಅವಳು ಬಗ್ಗಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ಹತ್ತು ಮಿಲಿಲೀಟರ್ ಆಮ್ಲ ಅಳೆದು ಬೀಕರಿಗೆ ಸುರಿದಳು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಆಮೇಲೆ ನೀರಿನ ಜಾಡಿ ಎತ್ತಿಕೊಂಡಳು.

ವಿನೋದಿನಿ ಕಟ್ಟಿದ ಕೈ ಬಿಟ್ಟರು.

ನೀರಿಗೆ ಆಮ್ಲ ಸುರಿಯಬೇಕು, ಆಮ್ಲಕ್ಕೆ ನೀರನ್ನಲ್ಲ. ಜೂನ್‌ನಲ್ಲಿ ಒಂದು ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದರು, ಅಷ್ಟೇ. ಹಾಳೆಯಲ್ಲಿ ಮಾತ್ರ ಮೊದಲ ಕಾಲಂ ಆಮ್ಲ, ಎರಡನೆಯದು ನೀರು. ಅಂಥ ನೂರು ಹಾಳೆಗಳನ್ನು ಹಾಲವ್ವ ತುಂಬಿದ್ದಳು. ಅವರು ಬರೆದ ಕಂಪ್ಯೂಟರ್ ಪ್ರೋಗ್ರಾಂಗೆ ಯಾವುದು ಮೊದಲಾದರೂ ಮೊತ್ತ ಅದೇ, ಕೊನೆಯ ಉಷ್ಣತೆಯೂ ಅದೇ. ನಡುವೆ, ಆಮ್ಲದ ಮೇಲೆ ಬಿದ್ದ ನೀರು ಒಮ್ಮೆಲೇ ಕುದಿದು ಆಮ್ಲ ಮುಖಕ್ಕೆ ಸಿಡಿಯುವುದನ್ನು ಲೆಕ್ಕ ಹಾಕುವ ಸಾಲನ್ನು ಅವರು ಬರೆದೇ ಇರಲಿಲ್ಲ.

ಕಾಂತಪ್ಪನವರು ಬಾಗಿಲ ಬಳಿ ಬೆನ್ನು ತಿರುಗಿಸಿ ಏನೋ ಬರೆದುಕೊಳ್ಳುತ್ತಿದ್ದರು. ಮಾತಾಡಿದರೆ ಏಳು ಮಂದಿಯ ಒಂದು ವರ್ಷ ಹೋಯಿತು. ಸುಮ್ಮನಿದ್ದರೆ ಒಬ್ಬಳ ಕಣ್ಣು. ಜಾಡಿ ವಾಲತೊಡಗಿತು. ವಿನೋದಿನಿ ನಾಲ್ಕೇ ಹೆಜ್ಜೆಗೆ ಮೇಜು ಮುಟ್ಟಿ ಬೀಕರಿನ ಬಾಯಿಗೆ ಅಂಗೈ ಮುಚ್ಚಿದರು. ನೀರು ಅವರ ಮುಂಗೈ ಮೇಲೆ ಬಿದ್ದು ಮೇಜಿನ ಮೇಲೆಲ್ಲ ಹರಿಯಿತು.

“ಯಾಕ್ರಿ ಬಾಯಾರ?” ಹಾಲವ್ವ ಬೆಚ್ಚಿ ಟೀಚರನ್ನು ಕೇಳಿದಳು.

ಕಾಂತಪ್ಪನವರು ತಿರುಗಿದರು. “ಎಂತ ಟೀಚರ್ ಇದು? ಬೆಳಿಗ್ಗೆ ನಾನು ಹೇಳಿದ್ದು ಗೋಡೆಗಾ?”

“ತಪ್ಪು ಹುಡುಗಿದಲ್ಲ ಸರ್. ಆಮ್ಲ ಮೊದಲು ಅಂತ ಹಾಳೆ ಮಾಡಿಕೊಟ್ಟವಳು ನಾನು.”

ಅವರು ಬೀಕರನ್ನು ನೋಡಿದರು, ಜಾಡಿಯನ್ನು ನೋಡಿದರು. ದನಿ ತಗ್ಗಿತು. “ಎಲ್ಲರಿಗೂ ಅದೇ ಹಾಳೆಯಾ?”

ವಿನೋದಿನಿ ಉತ್ತರಿಸುವ ಮೊದಲೇ ಇಬ್ಬರೂ ಹಿಂದಿನ ಮೇಜುಗಳ ಕಡೆ ತಿರುಗಿದ್ದರು. ರಾಜೀವಿಯ ಬೀಕರಿನಲ್ಲಿ ಆಮ್ಲವಿತ್ತು, ಕೈಯಲ್ಲಿ ನೀರಿನ ಜಾಡಿ.

“ಎಲ್ಲರೂ ಜಾಡಿ ಕೆಳಗಿಡಿ. ಈಗಲೇ.” ಹೇಳಿದ್ದು ಕಾಂತಪ್ಪನವರೇ.

ಏಳು ಜಾಡಿಗಳೂ ಮೇಜಿಗೆ ತಾಗಿದ ಮೇಲೆ ಅವರು ಕನ್ನಡಕ ಒರೆಸಿಕೊಂಡು ಕೂತರು. ಈ ಪರೀಕ್ಷೆ ರದ್ದು, ಅದರಲ್ಲಿ ಎರಡು ಮಾತಿಲ್ಲ ಎಂದರು. ಶನಿವಾರ ಮತ್ತೆ ನಡೆಸಲು ತಾವು ಪರೀಕ್ಷಾ ಬೋರ್ಡಿಗೆ ಬರೆಯುವುದಾಗಿಯೂ, ಜೊತೆಗೆ ತಪ್ಪು ಟೀಚರದೆಂದು ಅವರದೇ ಕೈಬರಹ ಬೇಕೆಂದೂ ಹೇಳಿದರು. ಬೋರ್ಡು ಒಪ್ಪುತ್ತದೆಂದು ಮಾತು ಕೊಡಲಾರೆ ಎಂದರು. ಟೀಚರ ಕೆಲಸ ಉಳಿಯುವ ಬಗ್ಗೆಯೂ ಅಷ್ಟೇ.

ವಿನೋದಿನಿ ಕಾಗದ ಕೇಳಿ ಪಡೆದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದರು. ಹಾಲವ್ವ ಪಕ್ಕದಲ್ಲೇ ನಿಂತಿದ್ದಳು.

“ಕಂಪ್ಯೂಟರಿಗೆ ಇದು ಗೊತ್ತಿರಲಿಲ್ಲೇನ್ರಿ?”

“ನಾನು ಹೇಳಿರಲಿಲ್ಲ,” ಎಂದು ವಿನೋದಿನಿ ಕಾಗದದ ಕೆಳಗೆ ಸಹಿ ಹಾಕಿದರು.