ಹಿಲ್ಲೆವಿಯ ಓಟುಗಳು

ಚುನಾವಣೆ ಬಂತೆಂದರೆ ನಮ್ಮೂರ ಸಂತೆ ಮೈದಾನದಲ್ಲಿ ಎಂಟು ಪಕ್ಷಗಳ ಎಂಟು ಡೇರೆ. ಕರಗಿದ ಹಿಮದ ಕೆಸರಿನಲ್ಲಿ ನಿಂತು ಎಲ್ಲರೂ ಒಂದೇ ತರಹದ ನೀರು ಕಾಫಿ ಕೊಡುತ್ತಾರೆ, ಒಂದೇ ತರಹ ಹಲ್ಲು ಕಿರಿಯುತ್ತಾರೆ. ನಾನು ಎಂಟೂ ಕಡೆ ಕಾಫಿ ಕುಡಿದು, ಸಿಕ್ಕಲ್ಲಿ ಬಟಾಣಿ ಸೂಪನ್ನೂ ಹೊಡೆದು, ಯಾರಿಗೂ ಓಟು ಹಾಕದೆ ಮನೆಗೆ ಬರುವವನು. ಮೂವತ್ತು ವರ್ಷ ಮರದ ಲಾರಿ ಓಡಿಸಿದ ನನಗೆ ಹೆಲ್ಸಿಂಕಿಯ ಸಂಸತ್ತು ಇದ್ದರೂ ಒಂದೇ, ಬಿದ್ದರೂ ಒಂದೇ.

ಈ ಸಲ ಹಾಗಿರಲು ಆಗಲಿಲ್ಲ. ನನ್ನ ಹೆಂಡತಿ ಔನೆಗೆ ಎರಡು ಮೂತ್ರಪಿಂಡಗಳೂ ಹೋಗಿವೆ. ವಾರಕ್ಕೆ ಮೂರು ದಿನ ಊರಿನ ಆರೋಗ್ಯ ಕೇಂದ್ರದಲ್ಲಿ ಡಯಾಲಿಸಿಸ್. ಆ ಕೇಂದ್ರ ಮುಚ್ಚಿದರೆ ತೊಂಬತ್ತು ಕಿಲೋಮೀಟರ್ ದೂರದ ನಗರವೇ ಗತಿ. ಮುಚ್ಚಲೇಬೇಕೆಂದು ಸಂಸತ್ತಿನಲ್ಲಿ ಗಂಟಲು ಹರಿದುಕೊಂಡವನು ನಮ್ಮ ಕಡೆಯ ಸದಸ್ಯನೇ, ಯಾಲ್ಮರಿ ಎಂಬ ಮಹಾನುಭಾವ.

ಅದೇ ಯಾಲ್ಮರಿ ಫೆಬ್ರವರಿಯಲ್ಲಿ ಕೇಂದ್ರದ ನರ್ಸ್ ಹಿಲ್ಲೆವಿಯ ಮನೆಗೆ ಹೋಗಿ, ತನ್ನ ಪಕ್ಷದ ಪಟ್ಟಿಯಲ್ಲಿ ನಿಲ್ಲುವಂತೆ ಕೇಳಿದ. ಇವಳು ಒಪ್ಪಿಬಿಟ್ಟಳು.

"ಅವನ ಪಕ್ಷದಿಂದ್ಲೇ ನಿಲ್ತೀಯಾ? ತಲೆ ನೆಟ್ಟಗಿದೆಯೇನೇ ನಿಂಗೆ?" ಎಂದೆ.

"ಒಳಗಿದ್ದೇ ಜಗಳ ಆಡ್ಬೇಕು ಓನ್ನಿಯಣ್ಣ. ಎಲ್ಲರ ಮಾತೂ ಕೇಳ್ತೀವಿ ಅಂತ ಅವ್ರೇ ಹೇಳಿದ್ರು."

"ಕೇಳ್ತಾರೆ. ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತಾರೆ."

ಹೀಗೆ ಅಂದವನೇ ಮಾರನೆಯ ದಿನದಿಂದ ಅವಳ ಚೀಟಿ ಹಿಡಿದು ಮನೆಮನೆ ಸುತ್ತಿದೆ. ಔನೆಗೋಸ್ಕರ. ಹಿಲ್ಲೆವಿಯ ನಂಬರು ಎಪ್ಪತ್ತನಾಲ್ಕು. ಸೂಜಿ ಚುಚ್ಚುವಾಗ ಔನೆ ಅಳದಂತೆ ನೋಡಿಕೊಂಡ ಕೈ ಅವಳದು, ಅಷ್ಟು ಹೇಳಿದರೆ ಸಾಕಿತ್ತು. ಮತದಾನದ ಭಾನುವಾರ ಊರ ಶಾಲೆಯಲ್ಲಿ ಪರದೆಯ ಹಿಂದೆ ನಿಂತು, ಮಡಿಸಿದ ಕಾಗದದೊಳಗಿನ ವೃತ್ತದಲ್ಲಿ ನಾನೂ ಎಪ್ಪತ್ತನಾಲ್ಕು ಬರೆದೆ.

ನಮ್ಮಲ್ಲಿ ಓಟು ಮೊದಲು ಬೀಳುವುದು ಪಕ್ಷದ ರಾಶಿಗೆ. ರಾಶಿ ದೊಡ್ಡದಾದಷ್ಟೂ ಪಕ್ಷಕ್ಕೆ ಕುರ್ಚಿ ಹೆಚ್ಚು. ಆ ಪಕ್ಷದವರಲ್ಲಿ ಯಾರ ನಂಬರಿಗೆ ಹೆಚ್ಚು ಬಂದಿದೆಯೋ ಅವರು ಮೊದಲು ಕೂರುತ್ತಾರೆ. ಇದು ಶಾಲೆಯಲ್ಲಿ ಎಲ್ಲರೂ ಉರುಹೊಡೆದ ಪಾಠ. ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೇವೆ. ಆದರೂ ಹಿಲ್ಲೆವಿಗೆ ಹಾಕಿದ್ದು ಹಿಲ್ಲೆವಿಗೇ ಸೇರುತ್ತದೆಂದು ಇಡೀ ಊರು ನಂಬಿತು. ಬೇರೆ ಅಭ್ಯರ್ಥಿಗಳ ವಿಷಯದಲ್ಲಿ ನಮಗೆ ಇಂಥ ಭ್ರಮೆ ಇರಲಿಲ್ಲ. ಇವಳು ನಮ್ಮವಳು ನೋಡಿ, ಕಾನೂನು ಕೂಡ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ ಎಂದುಕೊಂಡೆವು. ಇಂಥ ಬುದ್ಧಿವಂತರು ಭೂಮಿಯ ಮೇಲೆ ಬೇರೆಲ್ಲೂ ಸಿಗಲಾರರು.

ಹಿಲ್ಲೆವಿಗೆ ಸಾವಿರದ ಒಂಬೈನೂರ ಹನ್ನೊಂದು ಓಟು ಬಂದವು. ಯಾಲ್ಮರಿಗೆ ನಾಲ್ಕು ಸಾವಿರದ ಚಿಲ್ಲರೆ. ಅವರ ರಾಶಿಗೆ ಸಿಕ್ಕಿದ್ದು ಒಂದೇ ಕುರ್ಚಿ, ಅದೂ ಒಂಬೈನೂರು ಓಟಿನ ಅಂತರದಲ್ಲಿ. ಹಿಲ್ಲೆವಿ ನಿಲ್ಲದಿದ್ದರೆ ಯಾಲ್ಮರಿ ಈಗ ಮನೆಯಲ್ಲಿ ಕುಳಿತು ಮೀನಿನ ಬಲೆ ಹೆಣೆಯುತ್ತಿದ್ದ.

ಬುಧವಾರ ಅವನು ಕ್ರೀಮ್ ಕೇಕ್ ಹಿಡಿದು ಕೇಂದ್ರಕ್ಕೇ ಬಂದ. ಔನೆ ಯಂತ್ರಕ್ಕೆ ಎರಡು ಕೊಳವೆ ಹಚ್ಚಿಸಿಕೊಂಡು ಮಲಗಿದ್ದಳು. ಕೇಕ್ ತಂದವನನ್ನು ಬಾಗಿಲಲ್ಲಿ ನಿಲ್ಲಿಸುವ ಪದ್ಧತಿ ನಮ್ಮಲ್ಲಿಲ್ಲ. ಹಿಲ್ಲೆವಿ ಕಾಫಿ ಬಗ್ಗಿಸಿದಳು. ನಾನು ನಾಚಿಕೆಯಿಲ್ಲದೆ ತಟ್ಟೆ ಹಿಡಿದೆ.

"ಹಿಲ್ಲೆವಿ ಇಲ್ದಿದ್ರೆ ನಾನು ಗೆಲ್ತಾನೇ ಇರ್ಲಿಲ್ಲ. ಈ ಊರನ್ನ ಮರೆಯಲ್ಲ," ಎಂದ ಯಾಲ್ಮರಿ.

"ಹಾಗಾದ್ರೆ ಕೇಂದ್ರ ಉಳಿಸ್ತೀರಾ?" ಔನೆ ಮಲಗಿದಲ್ಲಿಂದಲೇ ಕೇಳಿದಳು.

"ಅದು ಬೇರೆ ವಿಷ್ಯ ಅಮ್ಮಾ. ಟ್ಯಾಕ್ಸಿ ವ್ಯವಸ್ಥೆ ಮಾಡ್ತೀವಲ್ಲ." ಆಮೇಲೆ ಹಿಲ್ಲೆವಿಯ ಕಡೆ ತಿರುಗಿದ. "ಮುಂದಿನ ಸಲಾನೂ ನೀನು ನಿಲ್ಲಬೇಕು ನೋಡು."

ಅವನು ಹೋದ ಮೇಲೆ ಹಿಲ್ಲೆವಿ ಔನೆಯ ಮಂಚದ ಅಂಚಿನಲ್ಲಿ ಕುಳಿತು ಅತ್ತಳು. ಔನೆ ಅವಳ ಬೆನ್ನು ಸವರುತ್ತಾ ನನ್ನನ್ನು ನೋಡಿದಳು.

"ರೀ, ನೀವು ಎಷ್ಟು ಮನೆ ತಿರುಗಿದ್ರಿ?"

"ಇನ್ನೂರ ಹತ್ತು."

"ನಿಮ್ಮ ಜನ್ಮದಲ್ಲಿ ಒಂದೇ ಒಂದ್ಸಲ ಮನಸ್ಸಿಟ್ಟು ಕೆಲ್ಸ ಮಾಡಿದ್ರಿ," ಎಂದು ಔನೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.