ಬೆನ್ನಿನ ನೀರು

“ಬಾಟ್ಲಿ ಮುಚ್ಚಳ ತಗದು ಅಮ್ಮನ ಭಂಡಾರದ ಅರಿಷಿಣ ಒಂದ್ ಚಿಟಿಕಿ ಹಾಕೀನಕ್ಕಾ, ಅಷ್ಟ. ಛಲೋ ರಿಪೋರ್ಟ್ ಬರ್ಲಿ ಅಂತ.”

ತಮ್ಮ ವಿರೂಪಾಕ್ಷಪ್ಪನನ್ನು ಹೊಡೆಯಬೇಕೋ, ಅವನ ಕೈ ಹಿಡಿದು ಅಳಬೇಕೋ ಹುಲಿಗವ್ವನಿಗೆ ತಿಳಿಯಲಿಲ್ಲ. ಐಸಿನ ಡಬ್ಬಿ ಹಿಡಿದು ಕೊಪ್ಪಳದ ಆಸ್ಪತ್ರೆಯಿಂದ ನೆಟ್ಟಗೆ ಹುಬ್ಬಳ್ಳಿಯ ಲ್ಯಾಬಿಗೆ ಹೋಗಬೇಕಾದವನು ಹುಲಿಗಿಯ ಗುಡಿಗೆ ಹೋಗಿ, ದೇವಿಯ ಮುಂದೆ ಡಬ್ಬಿ ಇಟ್ಟು, ಆಮೇಲೆ ರೈಲು ಹತ್ತಿದ್ದ.

ಡಬ್ಬಿಯಲ್ಲಿದ್ದದ್ದು ಹುಲಿಗವ್ವನ ಮಗಳು ದಾನೇಶ್ವರಿಯ ಬೆನ್ನಿನಿಂದ ತೆಗೆದ ನೀರು.

ಮದುವೆಯಾಗಿ ಕುಷ್ಟಗಿಯ ದಾಳಿಂಬೆ ತೋಟದ ಮನೆಗೆ ಹೋದ ದಾನೇಶ್ವರಿ ವರ್ಷ ತುಂಬುವ ಮೊದಲೇ ಗೋಡೆಯ ಜೊತೆ ಮಾತಾಡತೊಡಗಿದಳು. ಹಿಂದೆಯೇ ಫಿಟ್ಸ್ ಬಂತು. “ಮೂರ್ಛೆರೋಗ ಮುಚ್ಚಿಟ್ಟು ನಮ್ಮ ಕೊಳ್ಳಿಗೆ ಕಟ್ಟೀರಿ” ಎಂದು ಅತ್ತೆ ಕಳಕಮ್ಮ ಅವಳನ್ನು ಯಲಬುರ್ಗಾದ ತವರಿಗೆ ತಂದು ಬಿಟ್ಟಳು. ಇದು ಮದುವೆಯ ನಂತರ ಬಂದ ಬೇನೆಯೆಂದು ಡಾಕ್ಟರು ಬರೆದುಕೊಟ್ಟರೆ ಮಾತ್ರ ಸೊಸೆಗೆ ಬಾಗಿಲು ತೆರೆಯುವುದೆಂದು ಹಿರಿಯರ ಮಾತಾಗಿತ್ತು.

ರೋಗದ ಮೇಲೆ ಬೀಳಬೇಕಾದ ರಕ್ತದ ಪ್ರತಿಕಾಯಗಳು ದಾರಿ ತಪ್ಪಿ ಅವಳ ಮೆದುಳಿನ ಮೇಲೆಯೇ ಬಿದ್ದಿರಬಹುದು, ಬೆನ್ನಿನ ನೀರಿನಲ್ಲಿ ಅವು ಸಿಕ್ಕರೆ ಇದು ಹಳೆಯ ಮೂರ್ಛೆರೋಗವಲ್ಲವೆಂದು ಬರೆದುಕೊಡುತ್ತೇನೆ ಎಂದಿದ್ದರು ಡಾಕ್ಟರಮ್ಮ. ವಾರ್ಡಿನಲ್ಲಿ ಉಳಿದವರೆಲ್ಲ ತಮ್ಮವರಿಗೆ ಏನೂ ಸಿಗದಿರಲಿ ಎಂದು ಬೇಡುತ್ತಿದ್ದರು. ಹುಲಿಗವ್ವ ಸಿಗಲಿ ಎಂದು ಬೇಡುತ್ತಿದ್ದಳು.

“ನೀರು ಕೆಟ್ಟೈತವ್ವಾ,” ಎಂದರು ಡಾಕ್ಟರಮ್ಮ. “ಈಗ ಮತ್ತ ತಗಿಯಾಕ ಬರೂದಿಲ್ಲ. ಫಿಟ್ಸ್ ಒಂದರ ಹಿಂದೊಂದು ಬರಾಕತ್ತಾವ, ಜೀವಕ್ಕ ಅಪಾಯ. ಔಷಧ ಇವತ್ತ ಚಾಲೂ ಮಾಡೂನು. ಆದ್ರ ಔಷಧ ಹೋದ ಮ್ಯಾಲ ಟೆಸ್ಟಿನಾಗ ಏನೂ ಸಿಗದ ಇರಬಹುದು.”

“ನಾಕ್ ದಿನ ತಡೀ ಅಕ್ಕಾ,” ಎಂದ ವಿರೂಪಾಕ್ಷಪ್ಪ. “ಫಿಟ್ಸ್ ನಿಂತ ಮ್ಯಾಲ ನೀರು ತಗಸೂನು. ಕಾಗದ ಇಲ್ಲಂದ್ರ ಅಕಿ ಬಾಳೇವು ಹೋತು.”

“ತಡದ್ರ ಅಕಿ ಉಳಿತಾಳೇನೋ?” ಹುಲಿಗವ್ವ ತಮ್ಮನ ಕಡೆ ತಿರುಗಿದಳು. “ನಿನ್ನ ದೇವಿ ಬರದು ಕೊಟ್ಟಾಳೇನು?”

ಮಂಚದ ಮೇಲೆ ದಾನೇಶ್ವರಿಯ ಬಾಯಿ ಒಂದು ಕಡೆಗೆ ಎಳೆಯಿತು, ಕೈ ಸೆಟೆಯಿತು. ನರ್ಸ್ ಓಡಿ ಬಂದಳು.

“ಹಾಕ್ರಿ,” ಎಂದಳು ಹುಲಿಗವ್ವ. “ಈಗ ಹಾಕ್ರಿ.”

ಸೂಜಿ ಏರಿತು. ಸಂಜೆ ದಾನೇಶ್ವರಿ ಕಣ್ಣು ತೆರೆದಳು. ಹುಲಿಗವ್ವ ಬಾಗಿ ಹೆಸರು ಕೂಗಿದರೆ ಅಪರಿಚಿತರನ್ನು ನೋಡುವಂತೆ ನೋಡಿದಳು.

ಫೋನ್ ಬಂತು. ಕಳಕಮ್ಮ.

“ರಿಪೋರ್ಟ್ ಏನಂತ ಬಂತ್ರೀ?”

“ಬರೂದಿಲ್ರೀ ಬೀಗತಿ. ಕಾಗದ ಬರೂದಿಲ್ಲ.”

“ನಂಗೊತ್ತಿತ್ತು ಬಿಡ್ರಿ.”

“ಏನರ ಅನ್ರಿ. ಮಗನ್ನ ಒಂದ್ಸಲ ಕಳಿಸ್ರಿ. ಅಕಿ ನನ್ನ ಗುರ್ತ ಹಿಡಿಯವಲ್ಲಳು. ಅವನ ಗುರ್ತರ ಹಿಡೀತಾಳೇನೋ.”

ಆ ಕಡೆಯಿಂದ ದಾಳಿಂಬೆಯನ್ನು ಕ್ರೇಟಿಗೆ ತುಂಬುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಯಾರೋ ನಿಲ್ಲಿಸಲು ಹೇಳಿದಂತೆ ಅದು ನಿಂತಿತು.

“ಕಟ್ ಆತೇನಕ್ಕಾ?” ವಿರೂಪಾಕ್ಷಪ್ಪ ಮೆಲ್ಲಗೆ ಕೇಳಿದ.

ಹುಲಿಗವ್ವ ಇಲ್ಲವೆಂದು ತಲೆಯಾಡಿಸಿ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.